ಮಾತಾಡಿಸದೆ ಹೋದ ಮೇಡಂ

ಅವರೆಕಾಯಿ ಕಾಲದಲ್ಲಿ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋದರೆ ನಾಲ್ಕು ಜನ ಪರಿಚಯದವರು ಸಿಗದೆ ವಾಪಸು ಬರುವುದಿಲ್ಲ. ಹಾಗೊಂದು ಬೆಳಿಗ್ಗೆ ಗೆಳತಿಯ ಜೊತೆ ಕಾಯಿ ಆರಿಸುತ್ತಿದ್ದೆ. ಅವಳು ಇಪ್ಪತ್ತು ವರ್ಷಗಳಿಂದ ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲರ್. ಎದುರಿನಿಂದ ಬಂದ ಒಬ್ಬರು ಇವಳನ್ನು ನೋಡಿ ಅರೆಗಳಿಗೆ ನಿಂತರು. ಇವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಾಯಿಯ ಸೊಗಡು ಮೂಸುತ್ತಾ ನಿಂತಳು. ಅವರು ಮುಂದೆ ಹೋದರು. ನನಗೆ ಕಸಿವಿಸಿಯಾಯಿತು. ನಮ್ಮ ಕಡೆ ಎದುರು ಸಿಕ್ಕವರನ್ನು "ತಿಂಡಿ ಆಯ್ತಾ?" ಅಂತಲಾದರೂ ಕೇಳದೆ ಹೋದರೆ ಅದು ಜಗಳಕ್ಕೆ ಸಮ.

"ಯಾರೇ ಅವ್ರು? ಮಾತಾಡ್ಸೋದಲ್ವಾ?" ಅಂದೆ.

"ಯಾರು?" ಅಂದಳು. ಅಷ್ಟೇ.

ಇದನ್ನು ಬರೆಯುವ ಮುಂಚೆ ಅವಳ ಒಪ್ಪಿಗೆ ಕೇಳಿದೆ. ದಿನ, ಜಾಗ, ಜನ ಯಾವುದೂ ಗುರುತು ಸಿಗದ ಹಾಗೆ ಬದಲಿಸಿ ಬರಿ ಅಂದಳು. ಬದಲಿಸಿದ್ದೇನೆ. ಆಗಲೂ ಆ ವ್ಯಕ್ತಿ ತನ್ನ ಬಳಿ ಬಂದವರು ಹೌದೋ ಅಲ್ಲವೋ ಎಂದು ಅವಳು ಹೇಳಲಿಲ್ಲ. ತಾನಾಗಿ ಮಾತಾಡಿಸಿದ್ದರೆ ಅವರ ಜೊತೆಗಿದ್ದವರು "ಈ ಮೇಡಂ ನಿಂಗೆ ಹೇಗೆ ಗೊತ್ತು?" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಉತ್ತರ ಹೊಂದಿಸುವ ಕಷ್ಟ ಅವರ ತಲೆಗೆ ಬರಬಾರದು, ಅದಕ್ಕೇ ಹಾಗೆ. ಇವಳಿಗೆ ಗರ್ವ ಎಂದು ಊರಿನಲ್ಲಿ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಅವಳಿಗೂ ಗೊತ್ತಿದೆ.

ಆಪ್ತಸಮಾಲೋಚನೆಯ ವೃತ್ತಿನೀತಿ ಎಂದರೆ ನಮ್ಮಲ್ಲಿ ಬಹಳಷ್ಟು ಜನ ಸಭ್ಯತೆ ಅಂದುಕೊಂಡಿದ್ದಾರೆ. ಗುಟ್ಟು ಬಿಟ್ಟುಕೊಡಬಾರದು, ಮರ್ಯಾದೆಯಿಂದ ನಡೆದುಕೊಳ್ಳಬೇಕು, ಒಳ್ಳೆಯವರಾಗಿರಬೇಕು, ಹೀಗೆ. ಈ ತಿಳಿವಳಿಕೆಯ ಮೇಲೆ ನನಗೆ ಸಿಟ್ಟಿದೆ. ನೀತಿ ಇಲ್ಲಿ ಔಷಧಿ ಬಾಟಲಿಯ ಮೇಲೆ ಅಂಟಿಸಿದ ಚೀಟಿಯಲ್ಲ, ಔಷಧಿಯ ಒಂದು ಅಂಶ. ಅದನ್ನು ತೆಗೆದರೆ ಬಾಟಲಿಯಲ್ಲಿ ಉಳಿಯುವುದು ಬಣ್ಣದ ನೀರು.

ನಾನು ಕಾಲೇಜಿನಲ್ಲಿ ಪಾಠ ಮಾಡಿದ್ದು ಜೀವಶಾಸ್ತ್ರ. ಹಾಗಾಗಿ ನೆನಪಾಗುವುದು 1847ರ ವಿಯೆನ್ನಾ. ಅಲ್ಲಿನ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಬಾಣಂತಿ ಜ್ವರದಿಂದ ತಾಯಂದಿರು ಸಾಯುತ್ತಿದ್ದರು. ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆಗೆ ಬರುವುದನ್ನು ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಗಮನಿಸಿದ. ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯಲು ಹೇಳಿದ. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ದೊಡ್ಡ ವೈದ್ಯರಿಗೆ ಕೋಪ ಬಂತು. 'ನಮ್ಮ ಕೈ ಕೊಳಕೇ?' ಎಂದು ಅವರು ಅದನ್ನು ಮರ್ಯಾದೆಯ ಪ್ರಶ್ನೆ ಮಾಡಿಕೊಂಡರು. ತೊಳೆದ ಕೈ ಸಭ್ಯತೆಯ ಗುರುತಲ್ಲ, ಅದೇ ಚಿಕಿತ್ಸೆ. ಕೌನ್ಸೆಲಿಂಗ್ ಕೋಣೆಯ ಗುಟ್ಟೂ ಹಾಗೆಯೇ. ಹೇಗೆ ಎಂದು ಬಿಡಿಸಿ ಹೇಳುತ್ತೇನೆ. ಇದು ನನಗೆ ಬಹಳ ಇಷ್ಟದ ವಿಷಯ, ಸ್ವಲ್ಪ ಉದ್ದವಾಗುತ್ತದೆ.

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ, ಆದರೆ ಬಿಳಿ ಕರಡಿಯನ್ನು ಮಾತ್ರ ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಮತ್ತೆ ಮತ್ತೆ ಬಾರಿಸಿತು. ಆಮೇಲೆ 'ಈಗ ನೆನೆಯಬಹುದು' ಎಂದಾಗ, ಮೊದಲಿನಿಂದಲೂ ನೆನೆಯಲು ಅನುಮತಿ ಇದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ವೆಗ್ನರ್ ಕೊಟ್ಟ ವಿವರಣೆ ಇದು: ಒಂದು ವಿಚಾರವನ್ನು ಒತ್ತಿಡಲು ಮನಸ್ಸಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಒಂದು, ಗಮನವನ್ನು ಬೇರೆ ಕಡೆ ಎಳೆಯುವುದು. ಇನ್ನೊಂದು, ಬೇಡದ ವಿಚಾರ ಬಂತೇ ಎಂದು ಕಾಯುವುದು. ಮೊದಲಿನದಕ್ಕೆ ಶ್ರಮ ಬೇಕು, ದಣಿವಾದರೆ ಅದು ನಿಲ್ಲುತ್ತದೆ. ಕಾವಲು ನಿಲ್ಲುವುದಿಲ್ಲ. ಬರಬಾರದ್ದನ್ನು ಗುರುತಿಸಬೇಕಾದರೆ ಕಾವಲುಗಾರನ ಕಣ್ಣ ಮುಂದೆ ಅದರ ಚಿತ್ರ ಸದಾ ಇರಲೇಬೇಕಲ್ಲ.

ಸಕಲೇಶಪುರ, ಆಲೂರು ಕಡೆ ಕಾಡಾನೆ ಕಾಯುವವರನ್ನು ಕೇಳಿ. ರಾತ್ರಿಯಿಡೀ ಗದ್ದೆಯ ಅಂಚಿನಲ್ಲಿ ಕೂತವನಿಗೆ ಬಿದಿರು ಮುರಿದರೂ ಆನೆ, ಹಸು ಉಸಿರುಬಿಟ್ಟರೂ ಆನೆ. ಆನೆ ಬಾರದ ರಾತ್ರಿಯೂ ಅವನ ಪಾಲಿಗೆ ಆನೆಯದೇ ರಾತ್ರಿ. ಕಣದಲ್ಲಿ ಕಾಫಿ ಹರಡಿದವರನ್ನು ನೋಡಿ. ಕೈ ಹಣ್ಣು ಕೆದಕುತ್ತಿದ್ದರೂ ಕಣ್ಣು ಮುಳ್ಳಯ್ಯನಗಿರಿಯ ಕಡೆಯ ಮೋಡದ ಮೇಲೆ. ಮಳೆ ಬೇಡ ಅನ್ನುವವರಷ್ಟು ಮಳೆಯನ್ನು ಯಾರೂ ಧ್ಯಾನಿಸುವುದಿಲ್ಲ. ಹಲ್ಲು ಮುರಿದಿದ್ದರೆ ನಾಲಿಗೆ ದಿನಕ್ಕೆ ನೂರು ಸಲ ಅಲ್ಲಿಗೇ ಹೋಗುವುದೂ ಇದೇ ಜಾತಿಯದು.

ಗುಟ್ಟು ಹೊತ್ತವರ ಸ್ಥಿತಿ ಇದು. ಇನ್ನೊಬ್ಬರ ಎದುರು ಬಾಯಿ ಕಟ್ಟಿಕೊಳ್ಳುವ ಹೊತ್ತು ಕಡಿಮೆ, ಒಬ್ಬರೇ ಇದ್ದಾಗ ಗುಟ್ಟು ತಾನಾಗಿ ತಲೆಗೆ ಬರುವುದೇ ಹೆಚ್ಚು, ಭಾರ ಎನಿಸುವುದೂ ಆಗಲೇ ಎಂದು ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಸ್ಲೆಪಿಯನ್ ತಂಡ 2017ರಲ್ಲಿ ತೋರಿಸಿತು. ಹಾಗಾದರೆ ಹೇಳಿಕೊಂಡುಬಿಟ್ಟರೆ ಹಗುರವೇ? ಕುಕ್ಕರಿನ ವಿಷಲ್ ಎತ್ತಿದರೆ ಆವಿ ಹೋಗುವ ಹಾಗೆ ಎಂದು ಎಲ್ಲರೂ ಹೇಳುತ್ತಾರೆ. ಈ ಕುಕ್ಕರ್ ಉಪಮೆಯೇ ತಪ್ಪು ದಾರಿಗೆ ಎಳೆಯುತ್ತದೆ. ಮಾತು ಆವಿಯಲ್ಲ. ಯಾರ ಕಿವಿಗೆ ಬಿತ್ತು ಎಂಬುದರ ಮೇಲೆ ಅದರ ಗುಣ ಬದಲಾಗುತ್ತದೆ. ಬಾಯಿ ಗಟ್ಟಿಯಿಲ್ಲದವರ ಬಳಿ ಹೇಳಿಕೊಂಡರೆ ಹಳೆಯ ಕಾವಲುಗಾರನ ಜೊತೆಗೆ ಹೊಸಬನೊಬ್ಬ ಬಂದು ಕೂರುತ್ತಾನೆ: ಇವರು ಯಾರಿಗೆ ಹೇಳಿದರೋ, ಯಾರು ನಕ್ಕರೋ, ಆ ಮದುವೆಮನೆಯಲ್ಲಿ ನನ್ನನ್ನು ನೋಡಿ ಅವರಿಬ್ಬರು ಏನು ಪಿಸುಗುಟ್ಟಿದರೋ. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬದುಕಿನ ಆಘಾತವನ್ನು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸು ಬಿಚ್ಚಿ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇಂಥ ಪ್ರಯೋಗಗಳಲ್ಲಿ ಬರೆಯುವವರಿಗೆ ಕೊಡುವ ಸೂಚನೆಯಲ್ಲಿ ಒಂದು ಮಾತು ಇದ್ದೇ ಇರುತ್ತದೆ: ನೀವು ಬರೆದದ್ದು ಸಂಪೂರ್ಣ ಗೋಪ್ಯ. ನನಗೆ ಮುಖ್ಯವೆನಿಸುವುದು ಆ ಸಾಲು. ಗೋಪ್ಯತೆಯ ಭರವಸೆ ಕಾವಲುಗಾರನಿಗೆ 'ಇಲ್ಲಿ ನಿನ್ನ ಕೆಲಸವಿಲ್ಲ, ಮಲಗು' ಅನ್ನುತ್ತದೆ. ಅವನು ಮಲಗಿದ ಮೇಲೆಯೇ ಯೋಚನೆಗೆ ಜಾಗ. ಇದು ನನ್ನ ತರ್ಕ, ಆದರೆ ಸುಮ್ಮನೆ ಕಟ್ಟಿದ್ದಲ್ಲ.

ಅದಕ್ಕೆ ಎದುರಾದದ್ದನ್ನೂ ಕಣ್ಣಾರೆ ಕಂಡಿದ್ದೇನೆ. ನಾನಿದ್ದ ಒಂದು ಕಾಲೇಜಿನಲ್ಲಿ ಹುಡುಗನೊಬ್ಬ ಕೌನ್ಸೆಲಿಂಗ್‌ಗೆ ಹೋಗಿ ಮನೆಯ ವಿಷಯ ಹೇಳಿಕೊಂಡಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಅದು ಸ್ಟಾಫ್ ರೂಮಿಗೆ ಬಂದಿತ್ತು. ಹೇಳಿದವರಿಗೆ ಅವನ ಮೇಲೆ ಕನಿಕರವೇ ಇತ್ತು, "ಪಾಪ, ಆ ಹುಡುಗಂಗೆ ಹಿಂಗಂತೆ" ಎಂದೇ ಅವರು ಶುರು ಮಾಡಿದ್ದು. ನಾನೂ ಡಬ್ಬಿ ತೆರೆದುಕೊಂಡು ಕೇಳುತ್ತಾ ಕೂತೆ, ನಿಲ್ಲಿಸಿ ಅನ್ನಲಿಲ್ಲ. ವಾರದಲ್ಲಿ ಅವನಿಗೆ ತಿಳಿಯಿತು. ಉಳಿದ ಎರಡು ವರ್ಷ ಅವನು ಆ ಕೋಣೆಯ ಮುಂದಿನ ಕಾರಿಡಾರಿನಲ್ಲಿ ನಡೆಯಲಿಲ್ಲ, ಸುತ್ತಿಕೊಂಡು ಲ್ಯಾಬಿಗೆ ಬರುತ್ತಿದ್ದ.

ಮತ್ತೆ ವಿಯೆನ್ನಾಕ್ಕೆ ಹೋಗಬೇಕು. ಮಾತಿನಿಂದಲೇ ಚಿಕಿತ್ಸೆ ಎಂಬ ಕಲ್ಪನೆ ಹುಟ್ಟಿದ್ದು ಅಲ್ಲಿ, 1880ರಿಂದ 1882ರವರೆಗೆ ವೈದ್ಯ ಜೋಸೆಫ್ ಬ್ರಾಯರ್ ನೋಡಿದ ಯುವತಿಯೊಬ್ಬಳಿಂದ. 1895ರಲ್ಲಿ ಬ್ರಾಯರ್ ಮತ್ತು ಫ್ರಾಯ್ಡ್ ಅವಳ ವೃತ್ತಾಂತವನ್ನು 'ಅನ್ನಾ ಓ' ಎಂಬ ಹೆಸರಿಟ್ಟು ಪ್ರಕಟಿಸಿದರು. 'ಮಾತಿನ ಚಿಕಿತ್ಸೆ' ಎಂಬ ಮಾತೂ ಆಕೆಯದೇ. 1953ರಲ್ಲಿ ಫ್ರಾಯ್ಡ್‌ನ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ಅವಳ ನಿಜ ಹೆಸರನ್ನು ಬಯಲು ಮಾಡಿದರು: ಬರ್ತಾ ಪಾಪೆನ್‌ಹೈಮ್. ಆಕೆ 1936ರಲ್ಲೇ ತೀರಿಕೊಂಡಿದ್ದರು. ಅನಾಥ ಮಕ್ಕಳಿಗಾಗಿ ದುಡಿದು, 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಸಂಘ ಕಟ್ಟಿದ ಹೆಸರಾಂತ ಸಮಾಜಸೇವಕಿ. 1954ರಲ್ಲಿ ಪಶ್ಚಿಮ ಜರ್ಮನಿ ಆಕೆಯ ಗೌರವಕ್ಕೆ ಅಂಚೆಚೀಟಿ ತಂದಿತು. ಒಂದು ವರ್ಷದ ಅಂತರದಲ್ಲಿ ಒಂದೇ ಹೆಂಗಸು ಜಗತ್ತಿಗೆ ಎರಡು ರೀತಿ ಗೊತ್ತಾದಳು. ಇಂದಿಗೂ ಆಕೆಯ ಹೆಸರು ಬಂದಾಗ ಮೊದಲು ಬರುವುದು ಕಾಯಿಲೆಯ ಕಥೆ. ಮನೋಚಿಕಿತ್ಸೆಯ ಚರಿತ್ರೆ ತನ್ನ ಮೊದಲ ರೋಗಿಯ ಗುಟ್ಟನ್ನೇ ಉಳಿಸಿಕೊಳ್ಳಲಿಲ್ಲ ಎಂಬ ನೋವು ನನಗೆ ಹೋಗುವುದಿಲ್ಲ.

ಗೋಪ್ಯತೆಗೆ ಎಲ್ಲೆಯೂ ಇದೆ. ಆ ಎಲ್ಲೆ ಎಲ್ಲಿದೆ ಎಂದು ವೃತ್ತಿ ಕಲಿತದ್ದು ಒಂದು ಸಾವಿನಿಂದ. ಭಾರತದಿಂದ ಅಮೆರಿಕದ ಬರ್ಕ್ಲಿಗೆ ಓದಲು ಹೋಗಿದ್ದ ಪ್ರೊಸೆನ್‌ಜಿತ್ ಪೊದ್ದಾರ್, 1969ರಲ್ಲಿ ತಾನು ಒಬ್ಬ ಹುಡುಗಿಯನ್ನು ಕೊಲ್ಲುತ್ತೇನೆ ಎಂದು ಚಿಕಿತ್ಸಕನ ಬಳಿ ಹೇಳಿದ. ಚಿಕಿತ್ಸಕ ವಿಶ್ವವಿದ್ಯಾಲಯದ ಪೊಲೀಸರಿಗೆ ತಿಳಿಸಿದ. ಅವರು ಹಿಡಿದು ವಿಚಾರಿಸಿ, ಹುಡುಗ ಸರಿಯಾಗಿಯೇ ಇದ್ದಾನೆ ಎಂದು ಬಿಟ್ಟರು. ಆ ಹುಡುಗಿ ತತಿಯಾನಾ ಟರಾಸಾಫ್‌ಗಾಗಲಿ ಅವಳ ತಂದೆತಾಯಿಗಾಗಲಿ ಯಾರೂ ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಅವಳನ್ನು ಕೊಂದ. ಅಪಾಯದಲ್ಲಿರುವ ವ್ಯಕ್ತಿಯನ್ನು ರಕ್ಷಿಸುವ ಹೊಣೆ ಚಿಕಿತ್ಸಕನಿಗೂ ಇದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 1976ರಲ್ಲಿ ತೀರ್ಪು ಕೊಟ್ಟಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದಾಗ, ಅದನ್ನು ತಡೆಯಲು ಬೇಕಾದಷ್ಟನ್ನು ಮಾತ್ರ ಹೇಳಲು ಬಿಡುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು, ಕೌನ್ಸೆಲರ್‌ಗೂ ವಿನಾಯಿತಿಯಿಲ್ಲ. ಒಳ್ಳೆಯ ಕೌನ್ಸೆಲರ್ ಇದನ್ನೆಲ್ಲ ಮೊದಲ ದಿನವೇ, ಎದುರಿಗಿರುವವರು ಬಾಯಿ ತೆರೆಯುವ ಮುಂಚೆ ಹೇಳುತ್ತಾರೆ.

ಇನ್ನು ನಮ್ಮ ಕಡೆ ಶಾಸ್ತ್ರ ಕೇಳುವ ಪದ್ಧತಿ. ಹತ್ತು ಜನ ಕೂತ ಪಡಸಾಲೆಯಲ್ಲಿ, ಗಂಡ, ಅತ್ತೆ, ಅಕ್ಕಪಕ್ಕದವರ ಎದುರು, ನಿದ್ದೆ ಬಾರದ ಸೊಸೆಗೆ "ನಿನ್ನ ಮೇಲೆ ಗಾಳಿಯಿದೆ" ಎಂದುಬಿಡುತ್ತಾರೆ. ಆ ಮಾತು ಅವಳಿಗಿಂತ ಮೊದಲು ಊರಿಗೆ ಮುಟ್ಟುತ್ತದೆ, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿಯೇ ಇಲ್ಲ. ಹೇಳಿದವರು ಯಾರಿಗೂ ಜವಾಬು ಕೊಡಬೇಕಿಲ್ಲ. ನನ್ನ ಚಿಂತೆ ಅದು. ವಾರಾಂತ್ಯದ ಕೋರ್ಸು ಮುಗಿಸಿ ಕೌನ್ಸೆಲರ್ ಎಂದು ಬೋರ್ಡು ಹಾಕುವವರ ಬಗೆಗೂ ಅದೇ ಚಿಂತೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ. ಕೇಳಿದರೆ ಬೇಸರಪಡುವವರ ಬಳಿ ಹೋಗಬೇಡಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಮೆರಿಕದವರ ನೀತಿಸಂಹಿತೆಗಳು ಒಬ್ಬರ ಜೊತೆ ಎರಡು ಬಗೆಯ ಸಂಬಂಧ ಬೇಡ, ಚಿಕಿತ್ಸಕ ಚಿಕಿತ್ಸಕನಾಗಿಯೇ ಇರಲಿ ಅನ್ನುತ್ತವೆ. ದೊಡ್ಡ ನಗರದಲ್ಲಿ ಸರಿ. ಹಾಸನದಲ್ಲಿ ಕೌನ್ಸೆಲರ್ ಬಳಿ ಬಂದವರ ಮಗ ಕೌನ್ಸೆಲರ್ ಮಗಳ ಕ್ಲಾಸಿನಲ್ಲೇ ಇರುತ್ತಾನೆ. ಹಾಸನಾಂಬೆಯ ಬಾಗಿಲು ತೆಗೆದ ದಿನಗಳಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಾಲ್ಕು ಗಂಟೆ ಒಟ್ಟಿಗೆ ನಿಲ್ಲಬೇಕಾಗಬಹುದು. ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ 1973ರಲ್ಲೇ, ಭಾರತೀಯರಿಗೆ ಒಪ್ಪಂದದ ನಂಟಿಗಿಂತ ಗುರುಶಿಷ್ಯರ ನಂಟಿನ ಮಾದರಿ ಹೊಂದಬಹುದು ಎಂದು ವಾದಿಸಿದ್ದರು. ನಮ್ಮ ಜನ ಕೌನ್ಸೆಲರನ್ನು ಅಕ್ಕ, ಮೇಡಂ ಎಂದು ಮನೆಯವರ ಲೆಕ್ಕಕ್ಕೆ ಸೇರಿಸಿಕೊಳ್ಳುವುದನ್ನು ನೋಡಿದರೆ ಅವರ ಮಾತಿನಲ್ಲಿ ತೂಕವಿದೆ. ಆದರೆ ಗುರುವಿನ ಮಾತಿಗೆ ಇಲ್ಲ ಅನ್ನುವುದು ಶಿಷ್ಯನಿಗೆ ಕಷ್ಟ. ಆ ಅಧಿಕಾರದ ದುರುಪಯೋಗ ಎಲ್ಲಿಯವರೆಗೆ ಹೋಗಬಲ್ಲದು ಎಂದು ನಮಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ಹಾಗಾಗಿ ನಾನು ಅರ್ಧ ಒಪ್ಪುತ್ತೇನೆ.

ನನ್ನ ಗೆಳತಿಯ ದಾರಿ ಸರಳ. ಮೊದಲ ಭೇಟಿಯಲ್ಲೇ ಹೇಳುತ್ತಾಳೆ: "ಹೊರಗೆ ಎಲ್ಲಾದ್ರೂ ಸಿಕ್ರೆ ನಾನಾಗಿ ಮಾತಾಡ್ಸಲ್ಲ. ನೀವು ಮಾತಾಡ್ಸಿದ್ರೆ ಮಾತಾಡ್ತೀನಿ. ಮಾತಾಡ್ಸದೆ ಹೋದ್ರೂ ನಂಗೇನೂ ಬೇಜಾರಿಲ್ಲ." ಅಂದರೆ ಗುರುತಿಸುವ ಹಕ್ಕು ಬಂದವರ ಕೈಯಲ್ಲಿ. ಅವಳಿಗೆ ನಿಜವಾಗಿ ಕಷ್ಟ ಕೊಡುವವರು ಮನೆಯವರು. ಫೀಸು ಕೊಟ್ಟ ಅಪ್ಪ ಬಾಗಿಲಲ್ಲೇ ನಿಂತು "ಏನ್ ಮೇಡಂ, ನಮ್ ಹುಡುಗಿ ಏನ್ ಹೇಳಿದ್ಲು?" ಅನ್ನುತ್ತಾರೆ. ಕೇಳುವುದು ಪ್ರೀತಿಯಿಂದಲೇ. "ಅವಳನ್ನೇ ಕೇಳಿ ಅಣ್ಣ, ಹೇಳಿದ್ರೆ ಬೈಯದೆ ಕೇಳಿಸ್ಕೊಳ್ಳಿ" ಅನ್ನುತ್ತಾಳೆ. ಕೆಲವರು ಮಗಳನ್ನು ಮತ್ತೆ ಕಳಿಸುವುದಿಲ್ಲ.

ಅವಳ ಟಿಪ್ಪಣಿಗಳು ಒಂದು ಕಬ್ಬಿಣದ ಬೀರುವಿನಲ್ಲಿವೆ. ಪುಟಗಳ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಬೇರೆ ಕಡೆ ಇದೆ. ಹೋದ ವರ್ಷ ಅವಳಿಗೊಂದು ಆಪರೇಷನ್ ಆಯಿತು. ಆಸ್ಪತ್ರೆಗೆ ಹೊರಡುವ ಹಿಂದಿನ ರಾತ್ರಿ ಒಂದು ಕಾಗದ ಬರೆದು ಲಕೋಟೆಗೆ ಹಾಕಿ ಅಂಟಿಸಿದಳು. ತನಗೇನಾದರೂ ಆದರೆ ಚಿಕ್ಕಮಗಳೂರಿನಲ್ಲಿರುವ ತನ್ನದೇ ವೃತ್ತಿಯ ಒಬ್ಬರು ಬಂದು ಬೀರು ತೆಗೆಯಬೇಕು, ಈಗ ಬರುತ್ತಿರುವವರಿಗೆ ಅವರೇ ಸುದ್ದಿ ಮುಟ್ಟಿಸಬೇಕು, ಉಳಿದದ್ದನ್ನು ಸುಡಬೇಕು, ಮನೆಯವರು ಯಾರೂ ಮುಟ್ಟಬಾರದು ಎಂದು. ಆಪರೇಷನ್ ಚೆನ್ನಾಗಿ ಆಯಿತು, ಈಗ ಓಡಾಡಿಕೊಂಡಿದ್ದಾಳೆ. ಲಕೋಟೆ ಇನ್ನೂ ಹಾಗೇ ಇದೆ. ಮೂವತ್ತು ವರ್ಷ ಜೊತೆಗಿರುವ ಅವಳ ಗಂಡನಿಗೆ ಬೀರುವಿನ ಕೀ ಎಲ್ಲಿದೆ ಎಂದು ಗೊತ್ತಿಲ್ಲ. ಅವರು ಇದುವರೆಗೂ ಕೇಳಿಲ್ಲವಂತೆ.