ಸಹಿ ಒಬ್ಬರದು, ಲೆಕ್ಕ ಇನ್ನೊಬ್ಬರದು: ಶಾಲಾ ಸಮಿತಿಯ ಹಣದ ಉಸ್ತುವಾರಿ ನಡೆದುಬಂದ ದಾರಿ

ಪಶ್ಚಿಮ ಬೆಂಗಳೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ನಡಾವಳಿ ಪುಸ್ತಕವನ್ನು ಕೆಲವು ವರ್ಷಗಳ ಹಿಂದೆ ತಿರುವಿ ನೋಡುವ ಅವಕಾಶ ನನಗೆ ಸಿಕ್ಕಿತ್ತು. ಸಭೆಯಿಂದ ಸಭೆಗೆ ವಿಷಯ ಬದಲಾಗುತ್ತಿತ್ತು, ಹಾಜರಿದ್ದವರ ಸಂಖ್ಯೆ ಬದಲಾಗುತ್ತಿತ್ತು, ಬರೆದ ಶಿಕ್ಷಕರ ಕೈಬರಹವೂ ಬದಲಾಗುತ್ತಿತ್ತು. ಆದರೆ ‘ಜಮಾ-ಖರ್ಚನ್ನು ಓದಿ ಹೇಳಲಾಯಿತು, ಸಭೆಯು ಸರ್ವಾನುಮತದಿಂದ ಅಂಗೀಕರಿಸಿತು’ ಎಂಬ ಸಾಲು ಮಾತ್ರ ಒಂದಕ್ಷರವೂ ಅಲುಗದೆ ಪುಟಪುಟದಲ್ಲೂ ಕೂತಿತ್ತು. ಎಷ್ಟು ಜಮಾ, ಯಾವುದಕ್ಕೆ ಎಷ್ಟು ಖರ್ಚು ಎಂಬುದು ಎಲ್ಲಿಯೂ ಇರಲಿಲ್ಲ. ಹಣ ದುರುಪಯೋಗವಾಗಿತ್ತೆಂದು ಇದರಿಂದ ಹೇಳಲಾಗದು. ಆಗಿರಲಿಲ್ಲ ಎನ್ನುವುದಕ್ಕೂ ಆ ಪುಸ್ತಕದಲ್ಲಿ ಆಧಾರವಿರಲಿಲ್ಲ.

ಈ ಪುಸ್ತಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯದು. ಎಲ್ಲರ ಬಾಯಲ್ಲಿ ಅದು ಎಸ್‌ಡಿಎಂಸಿ. ಹೆಸರಿನಲ್ಲಿಯೇ ‘ಮೇಲುಸ್ತುವಾರಿ’ ಇರುವ ಸಮಿತಿಯೊಂದು ತನ್ನ ಕಣ್ಣೆದುರಿನ ಲೆಕ್ಕವನ್ನು ಒಂದೇ ಸಾಲಿನಲ್ಲಿ ಮುಗಿಸುವ ಸ್ಥಿತಿಗೆ ಹೇಗೆ ಬಂತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಾಲೆಯ ಆಡಳಿತವನ್ನು ಸ್ಥಳೀಯರ ಕೈಗೆ ಕೊಡುವುದು, ಮತ್ತೆ ಹಿಂದಕ್ಕೆ ಪಡೆಯುವುದು ನಮ್ಮಲ್ಲಿ ಹೊಸದೇನಲ್ಲ. ಮೈಸೂರು ಸಂಸ್ಥಾನವು 1930ರ ಶಾಸನದ ಮೂಲಕ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳಿಗೆ ವಹಿಸಿತು; 1941ರಲ್ಲಿ ಇನ್ನೊಂದು ಕಾಯ್ದೆ ತಂದು ಅವುಗಳನ್ನು ಸರ್ಕಾರವೇ ವಾಪಸು ತೆಗೆದುಕೊಂಡಿತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿಯ ಕಡೆ ಜಿಲ್ಲಾ ಸ್ಕೂಲ್ ಬೋರ್ಡುಗಳು ಇನ್ನಷ್ಟು ಕಾಲ ಬಾಳಿದವು. ಏಕೀಕರಣದ ನಂತರ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ರಾಜ್ಯಕ್ಕೆಲ್ಲ ಒಂದೇ ವ್ಯವಸ್ಥೆಯನ್ನು ತಂದಿತು. ಆಮೇಲಿನ ಹಲವು ದಶಕ ಊರಿನವರಿಗೆ ಉಳಿದದ್ದು ಜಾಗ ಕೊಡುವ, ಗೋಡೆಗೆ ಸುಣ್ಣ ಹೊಡೆಸುವ, ಆಗಸ್ಟ್ ಹದಿನೈದಕ್ಕೆ ಮಿಠಾಯಿ ಹಂಚುವ ಬೆಟರ್‌ಮೆಂಟ್ ಕಮಿಟಿಯ ಕೆಲಸ.

ತಿರುವು ಬಂದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಮೇರೆಗೆ ಸರ್ಕಾರ ಆ ವರ್ಷದ ಏಪ್ರಿಲ್ 28ರಂದು ಆದೇಶ ಹೊರಡಿಸಿ, ಗ್ರಾಮ ಶಿಕ್ಷಣ ಸಮಿತಿಗಳ ಜಾಗದಲ್ಲಿ ಶಾಲೆಗೊಂದರಂತೆ ಎಸ್‌ಡಿಎಂಸಿ ರಚಿಸಿತು. ಊರಿಗೊಂದು ಸಮಿತಿ ಎಂಬುದು ಶಾಲೆಗೊಂದು ಸಮಿತಿ ಎಂದಾದದ್ದು ಮೇಲುನೋಟಕ್ಕೆ ಸಣ್ಣ ತಿದ್ದುಪಡಿ. ಆದರೆ ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಯರೇ ಸಮಿತಿಯಲ್ಲಿ ಬಹುಮತ ಪಡೆದದ್ದು, ಅವರ ಅಧ್ಯಕ್ಷರೂ ಮುಖ್ಯ ಶಿಕ್ಷಕರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದದ್ದು ಅದರಿಂದಾಗಿಯೇ. ಕೂಲಿ ಮಾಡುವ ತಾಯಿಯೊಬ್ಬರ ಸಹಿಯಿಲ್ಲದೆ ಚೆಕ್ಕು ನಗದಾಗದು ಎಂಬ ಸ್ಥಿತಿ ಸರ್ಕಾರಿ ಶಾಲೆಯ ಮಟ್ಟಿಗೆ ಮೊದಲ ಬಾರಿಗೆ ಹುಟ್ಟಿತು.

2006ರ ಮಾದರಿ ಉಪವಿಧಿಗಳು ಈ ಸಮಿತಿಯನ್ನು ಗ್ರಾಮ ಪಂಚಾಯಿತಿಯ ನಾಗರಿಕ ಸೌಲಭ್ಯಗಳ ಸಮಿತಿಗೆ ಜೋಡಿಸಿದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಕಾಯ್ದೆಯ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಗೆ ಸರ್ಕಾರದಿಂದಾಗಲಿ, ಸ್ಥಳೀಯ ಸಂಸ್ಥೆಯಿಂದಾಗಲಿ, ಬೇರಾವುದೇ ಮೂಲದಿಂದಾಗಲಿ ಬಂದ ಅನುದಾನದ ಬಳಕೆಯ ಮೇಲೆ ನಿಗಾ ಇಡುವುದು ಅದರ ಕರ್ತವ್ಯ. ಅನುದಾನರಹಿತ ಖಾಸಗಿ ಶಾಲೆಗಳಿಗೆ ಈ ಕಲಮು ಅನ್ವಯಿಸುವುದಿಲ್ಲ. ಹೀಗಾಗಿ ಲಕ್ಷಗಟ್ಟಲೆ ಶುಲ್ಕ ಕೊಡುವ ಬೆಂಗಳೂರಿನ ಪೋಷಕರಿಗೆ ಇಲ್ಲದ ಹಕ್ಕು, ಏನೂ ಕೊಡದ ಪೋಷಕರಿಗೆ ಕಾಗದದ ಮೇಲಾದರೂ ಇದೆ.

ನಿಗಾ ಇಡಬೇಕಾದ ಹಣವಾದರೂ ಎಷ್ಟು? 2018-19ರಲ್ಲಿ ಕೇಂದ್ರ ಪುರಸ್ಕೃತ ಸಮಗ್ರ ಶಿಕ್ಷಣ ಯೋಜನೆ ಬಂದಾಗ, ಅದಕ್ಕೆ ಮೊದಲು ಶಾಲಾ ಅನುದಾನ, ನಿರ್ವಹಣಾ ಅನುದಾನ ಎಂದು ಬೇರೆಬೇರೆಯಾಗಿ ಬರುತ್ತಿದ್ದ ಹಣ ಒಂದೇ ಸಂಯುಕ್ತ ಅನುದಾನವಾಯಿತು. 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. 251ರಿಂದ 1,000ದವರೆಗಿನ ಶಾಲೆಗೆ 75,000. ಅದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಮೀಸಲು. 240 ಮಕ್ಕಳ ಶಾಲೆಯೊಂದನ್ನು ತೆಗೆದುಕೊಂಡರೆ ಒಂದು ಮಗುವಿಗೆ ವರ್ಷಕ್ಕೆ ಸುಮಾರು 208 ರೂಪಾಯಿ, ಅಂದರೆ ಶಾಲೆ ನಡೆಯುವ ದಿನವೊಂದಕ್ಕೆ ಹೆಚ್ಚುಕಡಿಮೆ ಒಂದು ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ನಲ್ಲಿ, ಬಲ್ಬು, ಫಿನಾಯಿಲು ಎಲ್ಲವೂ ಇದರಲ್ಲಿಯೇ ಆಗಬೇಕು.

ಮೊತ್ತ ಇಷ್ಟು ಸಣ್ಣದಾದ್ದರಿಂದಲೇ ಲೆಕ್ಕದ ಸಮಸ್ಯೆ ವಿಚಿತ್ರ ರೂಪ ಪಡೆಯುತ್ತದೆ. ಮೇಲೆ ಹೇಳಿದ ಶಾಲೆಯ ಕಡತದಲ್ಲಿ ಶೌಚಾಲಯದ ನಲ್ಲಿ ದುರಸ್ತಿಗೆ, ನಿಯಮ ಕೇಳುವಂತೆ, ಮೂರು ದರಪಟ್ಟಿಗಳಿದ್ದವು. ಮೂರು ಬೇರೆ ಅಂಗಡಿಗಳ ಹೆಸರು, ಮೂರು ಬೇರೆ ದರ. ಆದರೆ ‘ವಾಶರ್’ ಎಂಬ ಪದವನ್ನು ಮೂರರಲ್ಲಿಯೂ ‘ವಾಸರ್’ ಎಂದೇ ಬರೆಯಲಾಗಿತ್ತು. ವಿಚಾರಿಸಿದಾಗ ಮುಖ್ಯ ಶಿಕ್ಷಕಿ ಮುಚ್ಚುಮರೆಯಿಲ್ಲದೆ ಹೇಳಿದರು: “ಎರಡೂವರೆ ಸಾವಿರದ ಕೆಲಸಕ್ಕೆ ಪ್ಲಂಬರ್ ಬರೋದೇ ಕಷ್ಟ ಸರ್. ಬಂದವನ ಹತ್ರ ಲೆಟರ್‌ಹೆಡ್ ಕೇಳಿದ್ರೆ ಚೀಲ ಎತ್ಕೊಂಡು ಹೋಗ್ತಾನೆ. ನಲ್ಲಿ ಸೋರ್ತಾ ಇದ್ರೆ ಮಕ್ಕಳಿಗೆ ಏನು ಹೇಳ್ಲಿ?” ನಲ್ಲಿ ನಿಜವಾಗಿಯೂ ದುರಸ್ತಿಯಾಗಿತ್ತು, ನಾನೇ ತಿರುಗಿಸಿ ನೋಡಿದೆ. ಸುಳ್ಳಾಗಿದ್ದದ್ದು ಕಾಗದ ಮಾತ್ರ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ. ಪಾಲಿಸಲಾಗದ ನಿಯಮ ಪ್ರಾಮಾಣಿಕರಿಂದಲೂ ಸುಳ್ಳು ದಾಖಲೆ ಮಾಡಿಸುತ್ತದೆ. ಒಮ್ಮೆ ಹಾಗಾದ ಮೇಲೆ, ಹಣ ನುಂಗಿದವರ ಕಡತಕ್ಕೂ ನುಂಗದವರ ಕಡತಕ್ಕೂ ಲೆಕ್ಕ ಪರಿಶೋಧಕರ ಕಣ್ಣಿಗೆ ವ್ಯತ್ಯಾಸವೇ ಉಳಿಯುವುದಿಲ್ಲ. ಆ ವ್ಯತ್ಯಾಸ ಹೇಳಬಲ್ಲವರು ನಲ್ಲಿಯನ್ನು ನೋಡಿದ ಪೋಷಕರು ಮಾತ್ರ, ಮತ್ತು ಅವರನ್ನು ಕೇಳುವವರಿಲ್ಲ.

ಪೋಷಕರೇ ಮುಂದಾಗಿ ಲೆಕ್ಕ ಯಾಕೆ ಕೇಳುವುದಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲಿ ಸರಳ ಕಾರಣವೊಂದಿದೆ. ಸಭೆ ನಡೆಯುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಸಭೆಗೆ ಬಂದರೆ ಆ ದಿನದ ಸಂಬಳ ಹೋಗುತ್ತದೆ. ಹಾಗಾಗಿ ಪುಸ್ತಕವೇ ಅವರ ಮನೆ ಬಾಗಿಲಿಗೆ ಹೋಗುತ್ತದೆ, ಸಹಿ ಪಡೆದು ಹಿಂತಿರುಗುತ್ತದೆ.

ಇದರ ನಡುವೆ ಹಣ ಹರಿಯುವ ದಾರಿಯೇ ಬದಲಾಯಿತು. ಕೇಂದ್ರ ಹಣಕಾಸು ಇಲಾಖೆಯ ಆದೇಶದಂತೆ 2021ರ ಜುಲೈ 1ರಿಂದ ಕೇಂದ್ರ ಪುರಸ್ಕೃತ ಯೋಜನೆಗಳಿಗೆ ರಾಜ್ಯ ಮಟ್ಟದಲ್ಲಿ ಏಕ ನೋಡಲ್ ಖಾತೆ, ಅಂದರೆ ಯೋಜನೆಯ ಹಣವೆಲ್ಲ ಒಂದೇ ಕಡೆ ಇರುವ ಖಾತೆ, ಬಂತು. ಈಗ ಸಮಗ್ರ ಶಿಕ್ಷಣದ ಹಣ ಶಾಲೆಯ ಖಾತೆಯಲ್ಲಿ ಕೂರುವುದಿಲ್ಲ. ಇಂತಿಷ್ಟು ಖರ್ಚು ಮಾಡಬಹುದು ಎಂಬ ಮಿತಿ ಮಾತ್ರ ನಿಗದಿಯಾಗುತ್ತದೆ. ಬಳಕೆಯಾಗದ ಹಣ ಸಾವಿರಾರು ಖಾತೆಗಳಲ್ಲಿ ಕೊಳೆಯುವುದು ಇದರಿಂದ ತಪ್ಪಿತು, ಪ್ರತಿ ಪಾವತಿಗೂ ಗುರುತು ಉಳಿಯಿತು. ಇದು ಒಳ್ಳೆಯದೇ. ಆದರೆ ಹಿಂದೆ ಪಾಸ್‌ಬುಕ್ ಹಿಡಿದು ‘ಇಷ್ಟು ಬಂದಿದೆಯಲ್ಲ, ಏನಾಯಿತು’ ಎಂದು ಕೇಳಬಹುದಾಗಿದ್ದ ಅಧ್ಯಕ್ಷೆಗೆ ಈಗ ಕಾಣುವಂಥದ್ದು ಏನೂ ಇಲ್ಲ. ಲೆಕ್ಕ ದಿಲ್ಲಿಗೆ ಹತ್ತಿರವಾಯಿತು, ಪೀಣ್ಯಕ್ಕೆ ದೂರವಾಯಿತು.

2022ರ ಅಕ್ಟೋಬರ್‌ನಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಪೋಷಕರಿಂದ ಮಗುವಿಗೆ ತಿಂಗಳಿಗೆ 100 ರೂಪಾಯಿಯಂತೆ ಸ್ವಇಚ್ಛೆಯ ದೇಣಿಗೆ ಪಡೆಯಲು ಎಸ್‌ಡಿಎಂಸಿಗಳಿಗೆ ಅವಕಾಶ ನೀಡಿ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿತು. ಉಚಿತ ಶಿಕ್ಷಣಕ್ಕೆ ಬೆಲೆ ಕಟ್ಟಲಾಗುತ್ತಿದೆ ಎಂಬ ಆಕ್ಷೇಪ ಎದ್ದು ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಿತು. ಆಗಿನ ಗದ್ದಲದಲ್ಲಿ ಯಾರೂ ಹೆಚ್ಚು ಗಮನಿಸದ ಒಂದು ಲೆಕ್ಕವಿದೆ: ನಮ್ಮ 240 ಮಕ್ಕಳ ಶಾಲೆಯಲ್ಲಿ ಎಲ್ಲರೂ ಕೊಟ್ಟಿದ್ದರೆ ಹತ್ತು ತಿಂಗಳಿಗೆ 2.4 ಲಕ್ಷ ರೂಪಾಯಿ, ಅಂದರೆ ಸಂಯುಕ್ತ ಅನುದಾನದ ಐದು ಪಟ್ಟಿಗೆ ಹತ್ತಿರದ ಮೊತ್ತ ಸೇರುತ್ತಿತ್ತು. 50,000ದ ಲೆಕ್ಕವನ್ನು ಒಂದು ಸಾಲಿನಲ್ಲಿ ಮುಗಿಸುವ ಪುಸ್ತಕ ಅಷ್ಟು ಹಣವನ್ನು ಹೇಗೆ ಬರೆದುಕೊಳ್ಳುತ್ತಿತ್ತು ಎಂಬ ಪ್ರಶ್ನೆ ಚರ್ಚೆಗೆ ಬರುವ ಮೊದಲೇ ಸುತ್ತೋಲೆ ಇಲ್ಲವಾಯಿತು.

ಸಮಿತಿಯ ಮೇಲೆ ಇನ್ನೊಂದು ಕಣ್ಣು ಬೇಕಲ್ಲವೆ? ಹಳ್ಳಿಯಲ್ಲಿ ಪಂಚಾಯಿತಿ ಇದೆ, ವರ್ಷಕ್ಕೊಮ್ಮೆ ಊರವರೆದುರು ಲೆಕ್ಕ ಪರಿಶೀಲಿಸುವ ಜಮಾಬಂದಿ ಇದೆ. ಬೆಂಗಳೂರಿನಲ್ಲಿ ಆ ಜಾಗ ಖಾಲಿ. ಇಲ್ಲಿನ ಹೆಚ್ಚಿನ ಸರ್ಕಾರಿ ಶಾಲೆಗಳು ಕ್ಷೇತ್ರ ಶಿಕ್ಷಣಾಧಿಕಾರಿಗೆ ಉತ್ತರಿಸುತ್ತವೆ. ಪಾಲಿಕೆಗೂ ತನ್ನದೇ ಶಾಲೆ-ಕಾಲೇಜುಗಳಿದ್ದವು. ಪಾಲಿಕೆಯ ಸಭೆ ಇದ್ದಾಗ ಶಿಕ್ಷಣಕ್ಕೂ ಲೆಕ್ಕಪತ್ರಕ್ಕೂ ಪ್ರತ್ಯೇಕ ಸ್ಥಾಯಿ ಸಮಿತಿಗಳಿದ್ದವು. ಅವು ಎಷ್ಟು ಕೆಲಸ ಮಾಡಿದವು ಎನ್ನುವುದು ಬೇರೆ ಮಾತು. 2020ರ ಸೆಪ್ಟೆಂಬರ್ 10ರಂದು 198 ವಾರ್ಡುಗಳ ಸದಸ್ಯರ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಬಂದರು, ಆ ಸಮಿತಿಗಳೂ ಹೋದವು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ಭಾಗವಾದಾಗ ಶಾಲೆಗಳ ಜತೆ ಕಡತಗಳೂ ಹಂಚಿಹೋದವು, ಕೇಳಬೇಕಾದ ಚುನಾಯಿತ ಸದಸ್ಯರು ಮಾತ್ರ ಒಂದು ಪಾಲಿಕೆಯಲ್ಲಿಯೂ ಇರಲಿಲ್ಲ.

ಆ ಶಾಲೆಗೆ ಮತ್ತೊಮ್ಮೆ ಹೋದಾಗ ಅಧ್ಯಕ್ಷೆ ಬದಲಾಗಿದ್ದರು. ಹೊಸಬರು ಹೂವಿನ ವ್ಯಾಪಾರ ಮಾಡುವವರು. ದಿನದ ಬಂಡವಾಳ, ಮಾರಾಟ, ಉಳಿಕೆಯನ್ನು ಹಳೆಯ ಡೈರಿಯಲ್ಲಿ ಬರೆದಿಡುವ ಅಭ್ಯಾಸ ಅವರಿಗಿತ್ತು. ಜಮಾ-ಖರ್ಚಿನ ಸಾಲಿನ ಕೆಳಗೆ ಸಹಿ ಮಾಡುವ ಮೊದಲು ಅವರು ಮುಖ್ಯ ಶಿಕ್ಷಕಿಯನ್ನು ಕೇಳಿದ್ದು ಒಂದೇ ಮಾತು: “ಮೇಡಂ, ಇದ್ರಲ್ಲಿ ದುಡ್ಡು ಎಷ್ಟು ಅಂತ ಬರ್ದೇ ಇಲ್ವಲ್ಲ?” ಆ ಪುಟದ ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ, ಬಳಿಕ ಸೇರಿಸಿದ ನಾಲ್ಕು ಅಂಕಿಗಳಿವೆ.