ಮುಸ್ಯಾ, ತೋಳ, ಕರಡಿ: ಪ್ರಾಣಿಗಳ ನಡವಳಿಕೆ ನಮಗೆ ಗೊತ್ತಾಗಿದ್ದು ಹೇಗೆ?

ಆನೆಗೊಂದಿ ಕಡೆಯ ಯಾವುದಾದರೂ ಚಹಾ ಅಂಗಡಿಯಲ್ಲಿ ಅರ್ಧ ತಾಸು ಕೂತರೆ ಪ್ರಾಣಿಗಳ ಬಗ್ಗೆ ಮೂರು ಮಾತು ಕಿವಿಗೆ ಬೀಳುತ್ತವೆ. ಕರಡಿ ಬೆಲ್ಲದ ರುಚಿ ಹತ್ತಿ ಊರಿಗೆ ಬರುತ್ತದೆ. ತೋಳದ ಗುಂಪಿಗೆ ಒಬ್ಬ ಜಬರ್ದಸ್ತ್ ನಾಯಕ ಇರುತ್ತಾನೆ. ಗಂಡು ಮುಸ್ಯಾಕ್ಕೆ, ಅಂದರೆ ಕಪ್ಪು ಮುಖದ ಮಂಗಕ್ಕೆ, ತಲೆ ಕೆಟ್ಟರೆ ಮರಿಗಳನ್ನೇ ಕೊಲ್ಲುತ್ತದೆ. ಮೊದಲನೆಯದು ಜನರ ಊಹೆ. ಉಳಿದ ಎರಡು ಹಾಗಲ್ಲ, ಒಂದು ಕಾಲದಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಹೇಳಿದ್ದು. ಆಮೇಲೆ ವಿಜ್ಞಾನ ಆ ಮಾತುಗಳನ್ನು ಹೆಚ್ಚುಕಡಿಮೆ ವಾಪಸ್ ತೆಗೆದುಕೊಂಡಿತು. ಆ ಸುದ್ದಿ ಚಹಾ ಅಂಗಡಿವರೆಗೆ ಬರಲಿಲ್ಲ, ಅಷ್ಟೇ.

ಕರಡಿ ದಾಳಿ, ಕುರಿ ಕಳೆದುಕೊಂಡವರ ಪರಿಹಾರ, ಮಂಗಗಳ ಕಾಟ ಅಂತ ಕೊಪ್ಪಳ, ಬಳ್ಳಾರಿ ಕಡೆ ವರ್ಷವಿಡೀ ಸುದ್ದಿ. ಪ್ರತಿ ಸಲವೂ ಯಾರಾದರೂ ಒಬ್ಬರು "ಅದರ ಸ್ವಭಾವವೇ ಹಾಗೆ" ಅನ್ನುತ್ತಾರೆ. ಸ್ವಭಾವ ಅಂತ ಗೊತ್ತಾಗಿದ್ದು ಹೇಗೆ? ಯಾರು, ಎಲ್ಲಿ ಕೂತು, ಏನನ್ನು ನೋಡಿದರು? ಇದನ್ನು ಕೇಳಿದರೆ ಕಥೆ ನೂರೈವತ್ತು ವರ್ಷ ಹಿಂದಕ್ಕೆ ಹೋಗುತ್ತದೆ.

ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವನೆಗಳ ಬಗ್ಗೆ ಒಂದು ಪುಸ್ತಕ ಬರೆದರು. ಅವರ ಶಿಷ್ಯನಂತಿದ್ದ ರೊಮೇನ್ಸ್, ಜನ ಹೇಳಿದ ಕಥೆಗಳನ್ನು ಕೂಡಿಹಾಕಿ 1882ರಲ್ಲಿ ಪ್ರಾಣಿಗಳ ಬುದ್ಧಿವಂತಿಕೆಯ ಬಗ್ಗೆ ಇನ್ನೊಂದು ಬರೆದರು. ಬೆಕ್ಕು ಹೀಗೆ ಮಾಡಿತು, ನಾಯಿ ಹಾಗೆ ಮಾಡಿತು ಅನ್ನುವ ಕಥೆಗಳು. ಓದೋಕೆ ಮಜಾ. ನಂಬೋಕೆ ಕಷ್ಟ. 1894ರಲ್ಲಿ ಲಾಯ್ಡ್ ಮಾರ್ಗನ್ ಒಂದು ಕಟ್ಟುನಿಟ್ಟು ಹಾಕಿದರು: ಸರಳವಾದ ಕಾರಣ ಸಾಕಾಗುವಲ್ಲಿ ದೊಡ್ಡ ಬುದ್ಧಿಯನ್ನು ಕಾರಣ ಅನ್ನಬೇಡಿ.

ಅಷ್ಟರಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಅನ್ನುವ ಕುದುರೆ ಗೊರಸು ಬಡಿದು ಲೆಕ್ಕದ ಉತ್ತರ ಹೇಳತೊಡಗಿತು. ಊರೆಲ್ಲ ಬೆರಗಾಯಿತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಅದರ ಗುಟ್ಟು ಬಿಡಿಸಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ತಪ್ಪುತ್ತಿತ್ತು. ಬಡಿತದ ಎಣಿಕೆ ಸರಿಯಾದ ಸಂಖ್ಯೆಗೆ ಬಂದಾಗ ಎದುರಿದ್ದವರ ತಲೆ ತಮಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ನನ್ನ ಕೇಳಿದರೆ ಇದು ಲೆಕ್ಕಕ್ಕಿಂತ ದೊಡ್ಡ ಬುದ್ಧಿ. ಆದರೆ ಆ ಕಾಲದವರು ಕಲಿತ ಪಾಠ ಬೇರೆ: ನೋಡುವವರನ್ನು ದೂರ ಇಡಿ, ಪ್ರಾಣಿಯನ್ನು ಪೆಟ್ಟಿಗೆಯೊಳಗೆ ಇಡಿ.

ಆಮೇಲೆ ಅರ್ಧ ಶತಮಾನ ಪೆಟ್ಟಿಗೆಯದೇ ರಾಜ್ಯ. ಥಾರ್ನ್‌ಡೈಕ್ ಅವರ ಬೆಕ್ಕುಗಳು, ಪಾವ್‌ಲೋವ್ ಅವರ ನಾಯಿಗಳು, ಸ್ಕಿನ್ನರ್ ಅವರ ಸನ್ನೆಕೋಲು ಒತ್ತುವ ಇಲಿಗಳು. ಯುರೋಪಿನಲ್ಲಿ ಮಾತ್ರ ಲೊರೆಂಜ್, ಟಿನ್‌ಬರ್ಗನ್, ಫಾನ್ ಫ್ರಿಶ್ ಬಾತು, ಕಡಲಹಕ್ಕಿ, ಜೇನುಗಳ ಹಿಂದೆ ಹೊರಗೆ ತಿರುಗಿದರು. ಮೂವರಿಗೂ 1973ರಲ್ಲಿ ಒಟ್ಟಿಗೆ ನೊಬೆಲ್ ಬಂತು.

ಜಪಾನಿನಲ್ಲಿ ಮೂರನೇ ದಾರಿಯೊಂದು ತೆರೆಯಿತು. ಕ್ಯೋಟೋ ವಿಶ್ವವಿದ್ಯಾಲಯದ ಇಮಾನಿಶಿ ಮತ್ತು ಅವರ ಹುಡುಗರು ಗುಂಪಿನ ಒಂದೊಂದು ಮಂಗಕ್ಕೂ ಹೆಸರಿಟ್ಟರು. ಯಾರು ಯಾರ ಮಗಳು, ಯಾರು ಯಾರ ಪಕ್ಕ ಕೂರುತ್ತಾರೆ ಅಂತ ವರ್ಷಗಟ್ಟಲೆ ಬರೆದಿಟ್ಟರು. 1953ರಲ್ಲಿ ಕೋಶಿಮಾ ದ್ವೀಪದಲ್ಲಿ ಇಮೋ ಅನ್ನುವ ಎಳೆ ಹೆಣ್ಣು ಮಂಗವೊಂದು ಗೆಣಸಿನ ಮಣ್ಣನ್ನು ನೀರಿನಲ್ಲಿ ತೊಳೆದು ತಿಂದಿತು. ನಿಧಾನಕ್ಕೆ ಉಳಿದವೂ ಕಲಿತವು. ಹೆಸರಿಟ್ಟಿರದಿದ್ದರೆ ಇದನ್ನು ಮೊದಲು ಮಾಡಿದ್ದು ಯಾರು ಅಂತಲೇ ಗೊತ್ತಾಗುತ್ತಿರಲಿಲ್ಲ. ಒಂದು ವಿಷಯ ನೆನಪಿರಲಿ: ಆ ಗೆಣಸು ಅಲ್ಲಿ ಬೆಳೆದದ್ದಲ್ಲ. ಮಂಗಗಳು ಬಯಲಿಗೆ ಬರಲಿ ಅಂತ ಮನುಷ್ಯರೇ ಹಾಕಿದ್ದು.

ಈ ಕ್ಯೋಟೋ ತಂಡ 1961ರಲ್ಲಿ ನಮ್ಮ ಕಡೆಗೇ ಬಂತು, ಧಾರವಾಡಕ್ಕೆ. ತಂಡದಲ್ಲಿದ್ದ ಯುಕಿಮಾರು ಸುಗಿಯಾಮಾ ಊರಿನ ಪಶ್ಚಿಮಕ್ಕಿರುವ ಕಾಡಿನಲ್ಲಿ ಮುಸ್ಯಾಗಳನ್ನು ನೋಡುತ್ತ ಕೂತರು.

ಮುಸ್ಯಾ ಗೊತ್ತಲ್ಲ? ಕಪ್ಪು ಮುಖ, ಬೂದು ಮೈ, ಮೈಗಿಂತ ಉದ್ದದ ಬಾಲ. ಅಂಜನಾದ್ರಿ ಹತ್ತುವಾಗ ಕೈಯಿಂದ ಚೀಲ ಕಿತ್ತುಕೊಳ್ಳುವ ಕೆಂಪು ಮೂತಿಯ ಮಂಗ ಬೇರೆ, ಬಂಡೆಯ ತುದಿಯಲ್ಲಿ ಬಾಲ ಇಳಿಬಿಟ್ಟು ದೊಡ್ಡ ಮನುಷ್ಯರ ಹಾಗೆ ಕೂರುವ ಇದು ಬೇರೆ. ಆನೆಗೊಂದಿಯ ಬಂಡೆಗಳಲ್ಲಿ ಬೆಳಗಿನ ಬಿಸಿಲಿಗೆ ಕೂತ ಗುಂಪನ್ನು ಸುಮ್ನೆ ನೋಡಿ. ಹುಟ್ಟಿದ ಮರಿಯ ಮೈ ಕಡು ಕಂದು, ಮುಖ ತೆಳು ಗುಲಾಬಿ. ದೊಡ್ಡವುಗಳ ನಡುವೆ ಎದ್ದು ಕಾಣುತ್ತದೆ. ತಾಯಿಯ ಮಡಿಲಿನಿಂದ ಪಕ್ಕದ ಹೆಣ್ಣು ಅದನ್ನು ಎತ್ತಿಕೊಳ್ಳುತ್ತದೆ. ಅದರಿಂದ ಇನ್ನೊಂದು ಎಳೆದುಕೊಳ್ಳುತ್ತದೆ. ಮರಿ ಕಿರುಚುತ್ತದೆ, ತಾಯಿ ಆ ಕಡೆ ನೋಡುವುದೂ ಇಲ್ಲ, ಚಿಗುರು ಮೇಯುತ್ತಿರುತ್ತದೆ. ಅಷ್ಟು ನಂಬಿಕೆ. ಗುಂಪಿನ ಹೆಣ್ಣುಗಳು ಬಹುಪಾಲು ಒಂದೇ ಮನೆತನದವು. ಗಂಡುಗಳು ಮಾತ್ರ ಬೆಳೆದ ಮೇಲೆ ಹೊರಗೆ ಹೋಗಿ, ಗಂಡುಗಳದ್ದೇ ಗುಂಪು ಕಟ್ಟಿಕೊಂಡು ಅಲೆಯುತ್ತವೆ.

ಧಾರವಾಡದಲ್ಲಿ 1962ರ ಬೇಸಿಗೆಯಲ್ಲಿ ಅಂಥ ಅಲೆಮಾರಿ ಗುಂಪೊಂದು ಒಂದೇ ಗಂಡಿದ್ದ ಸಂಸಾರದ ಮೇಲೆ ಬಿತ್ತು. ಹಳೆಯ ಗಂಡು ಸೋತು ಹೊರಬಿತ್ತು. ಗೆದ್ದವುಗಳಲ್ಲಿ ಒಂದು ಉಳಿದವನ್ನೂ ಓಡಿಸಿ ತಾನೇ ಯಜಮಾನನಾಯಿತು. ಆಮೇಲೆ ಮರಿಗಳು ಒಂದೊಂದಾಗಿ ಗಾಯಗೊಂಡು ಸತ್ತವು, ಕಾಣೆಯಾದವು. ಮರಿ ಕಳೆದುಕೊಂಡ ತಾಯಂದಿರು ಬೇಗ ಬೆದೆಗೆ ಬಂದು ಹೊಸ ಗಂಡಿನ ಜೊತೆ ಕೂಡಿದವು.

ಸುಗಿಯಾಮಾ ಇಷ್ಟಕ್ಕೆ ನಿಲ್ಲಲಿಲ್ಲ. ಇನ್ನೊಂದು ಗುಂಪಿನಲ್ಲಿ ಇದ್ದೊಂದು ಗಂಡನ್ನು ತಾವೇ ಹಿಡಿದು ತೆಗೆದರು, ಏನಾಗುತ್ತದೆ ನೋಡೋಣ ಅಂತ. ಪಕ್ಕದ ಗುಂಪಿನ ಗಂಡು ಒಳಗೆ ಬಂತು. ಮರಿಗಳು ಸತ್ತವು. ಪ್ರಯೋಗಾಲಯದ ಕೆಲಸವನ್ನು ಕಾಡಿನ ಮಧ್ಯೆ ಮಾಡಿದ ಹಾಗಾಯಿತು. ಮೊದಲ ಘಟನೆಯ ಬರಹ 1965ರಲ್ಲಿ, ಎರಡನೆಯದರದು 1966ರಲ್ಲಿ ಬಂತು. ಇವತ್ತು ಇಂಥ ಪ್ರಯೋಗಕ್ಕೆ ಅನುಮತಿ ಕೇಳಿದರೆ ಕೊಡುವುದು ಅನುಮಾನ, ಕೊಡಲೂಬಾರದು.

ಹೊರಗಿನ ಜಗತ್ತು ಇದನ್ನು ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು. ಫಿಲಿಸ್ ಜೇ 1958ರಿಂದ 60ರವರೆಗೆ ಮಧ್ಯ ಮತ್ತು ಉತ್ತರ ಭಾರತದಲ್ಲಿ ಇದೇ ಜಾತಿಯನ್ನು ನೋಡಿದ್ದರು. ಅಲ್ಲಿ ಗುಂಪಿಗೆ ಹಲವು ಗಂಡುಗಳು, ಜಗಳ ಕಡಿಮೆ, ಎಲ್ಲ ಶಾಂತ. ಹಾಗಾದರೆ ಧಾರವಾಡದ ಮಂಗಗಳಿಗೆ ಏನೋ ಆಗಿದೆ ಅಂತ ಲೆಕ್ಕ ಹಾಕಿದರು. ಏನಾಗಿದೆ ಅನ್ನುವುದಕ್ಕೆ ಉತ್ತರ ಬಂದದ್ದು ಪ್ರಯೋಗಾಲಯದಿಂದ. ಅಮೆರಿಕದ ಜಾನ್ ಕ್ಯಾಲ್‌ಹೂನ್ ಅವರು ಇಲಿಗಳಿಗೆ ಹೊಟ್ಟೆತುಂಬ ಆಹಾರ ಕೊಟ್ಟು, ಇಕ್ಕಟ್ಟಾದ ದೊಡ್ಡಿಯಲ್ಲಿ ಬೆಳೆಯಲು ಬಿಟ್ಟಿದ್ದರು. ಸಂಖ್ಯೆ ಜಾಸ್ತಿಯಾದಂತೆ ತಾಯಂದಿರು ಮರಿ ಬಿಟ್ಟವು, ಮರಿಗಳನ್ನು ತಿಂದವೂ ಇದ್ದವು. ಅದರ ವರದಿ ಬಂದದ್ದೂ 1962ರಲ್ಲೇ. ಧಾರವಾಡದಲ್ಲಿ ಮುಸ್ಯಾ ಜಾಸ್ತಿ, ಜಾಗ ಕಡಿಮೆ, ಆದ್ದರಿಂದ ತಲೆ ಕೆಟ್ಟಿದೆ ಅಂದರು. ಕೊಟ್ಟಿಗೆಯ ಇಲಿಯಿಂದ ಕಾಡಿನ ಮಂಗಕ್ಕೆ ಒಂದೇ ನೆಗೆತ. ಚಹಾ ಅಂಗಡಿಯ "ತಲೆ ಕೆಟ್ಟ ಮುಸ್ಯಾ" ಹುಟ್ಟಿದ್ದು ಹೀಗೆ ಅಂತ ನನ್ನ ಗುಮಾನಿ.

ಸಾರಾ ಹ್ರ್ಡಿ ಹಾರ್ವರ್ಡ್‌ನ ವಿದ್ಯಾರ್ಥಿನಿ. ಇಕ್ಕಟ್ಟೇ ಕಾರಣ ಇರಬೇಕು ಅಂತ ನೋಡಲೆಂದೇ 1971ರಲ್ಲಿ ರಾಜಸ್ಥಾನದ ಮೌಂಟ್ ಅಬುಗೆ ಬಂದರು. ಅದೇ ವರ್ಷ ಜೋಧಪುರದ ಎಸ್. ಎಂ. ಮೊಹನೋತ್ ಕೂಡ ಅಲ್ಲಿನ ಮುಸ್ಯಾಗಳಲ್ಲಿ ಮರಿ ಕೊಂದದ್ದನ್ನು ಪ್ರಕಟಿಸಿದ್ದರು. ಹ್ರ್ಡಿ ಅಬುನಲ್ಲಿ ನೋಡುತ್ತ ಹೋದಂತೆ ಇಕ್ಕಟ್ಟಿನ ಮಾತು ಹೊಂದಲಿಲ್ಲ. ಕೊಲ್ಲುತ್ತಿದ್ದದ್ದು ಹೊರಗಿನಿಂದ ಹೊಸದಾಗಿ ಬಂದ ಗಂಡುಗಳು. ಯಜಮಾನಿಕೆ ಸಿಗುವುದು ಸರಾಸರಿ ಎರಡು ಚಿಲ್ಲರೆ ವರ್ಷ. ಹೆಣ್ಣು ಬಸಿರಿರುವುದು ಆರೂವರೆ ತಿಂಗಳು. ಮರಿ ಹಾಲು ಕುಡಿಯುವಷ್ಟು ದಿನ ಅದು ಮತ್ತೆ ಬೆದೆಗೆ ಬರುವುದು ತಡ. ಅಂದರೆ ಹಳೆಯ ಗಂಡಿನ ಮರಿ ಬದುಕಿದ್ದರೆ ಹೊಸ ಗಂಡಿನ ಕಾಲ ಕಾಯುವುದರಲ್ಲೇ ಮುಗಿದೀತು. ಇದು ಹುಚ್ಚಲ್ಲ, ತನ್ನ ಸಂತಾನ ಉಳಿಸುವ ದಾರಿ ಅಂದರು ಹ್ರ್ಡಿ. ಹೆಣ್ಣುಗಳೂ ಸುಮ್ಮನಿರುವುದಿಲ್ಲ. ಸೇರಿಕೊಂಡು ಎದುರಿಸುತ್ತವೆ. ಬಸಿರಾಗಿದ್ದರೂ ಹೊಸಬರ ಜೊತೆ ಕೂಡುತ್ತವೆ, ಹುಟ್ಟುವ ಮರಿ ಯಾರದು ಅನ್ನುವುದೇ ಗೊತ್ತಾಗದ ಹಾಗೆ.

ಜಗಳ ಇಪ್ಪತ್ತು ವರ್ಷ ನಡೆಯಿತು. ಮನುಷ್ಯರ ಕೈತುತ್ತು ತಿಂದ ಮಂಗಗಳವು, ನಿಜವಾದ ಕಾಡಿನದಲ್ಲ ಅಂತ ಒಂದು ಪಕ್ಷ. ಕಣ್ಣಾರೆ ಕೊಂದದ್ದನ್ನು ನೋಡಿದವರು ಎಷ್ಟು ಮಂದಿ, ಊಹಿಸಿದವರು ಎಷ್ಟು ಮಂದಿ ಅಂತ ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆಮೇಲೆ ಮಧ್ಯಪ್ರದೇಶದ ಕನ್ಹಾದಂಥ ಕಾಡಿನಲ್ಲೂ ಹಾಗೇ ಕಂಡುಬಂತು. ಕೊನೆಗೆ ದೊಡ್ಡ ಸಾಕ್ಷಿ ಸಿಕ್ಕಿದ್ದು ಸಗಣಿಯಲ್ಲಿ, ಅಂದರೆ ಮಂಗಗಳ ಹಿಕ್ಕೆಯಲ್ಲಿ. ನೇಪಾಳದ ರಾಮನಗರದಲ್ಲಿ ಕರೋಲಾ ಬೋರೀಸ್ ಮತ್ತು ಜೊತೆಗಾರರು ಅದನ್ನು ಆರಿಸಿ ಡಿಎನ್‌ಎ ತೆಗೆದರು. ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆಯಾಗಿರಲಿಲ್ಲ. 1999ರಲ್ಲಿ ಇದು ಪ್ರಕಟವಾಯಿತು. ಕಾಡಿನಲ್ಲಿ ಶುರುವಾದ ತಂಟೆ ಬಗೆಹರಿದದ್ದು ಪ್ರಯೋಗಾಲಯದಲ್ಲಿ. ಆದರೆ ಯಾವ ಹಿಕ್ಕೆ ಯಾರದು ಅಂತ ಗೊತ್ತಿರಬೇಕಾದರೆ ಕಾಡಿನಲ್ಲಿ ವರ್ಷಗಟ್ಟಲೆ ಹಿಂದೆ ತಿರುಗಿದವರೇ ಬೇಕಿತ್ತು.

ತೋಳದ ಕಥೆ ಇಷ್ಟು ಉದ್ದ ಇಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದರು. ಬೇಲಿಯೊಳಗೆ ಕೂಡಿಹಾಕಿದ್ದ ತೋಳಗಳು ಮೇಲು ಕೀಳಿಗಾಗಿ ಕಚ್ಚಾಡುತ್ತಿದ್ದವು. ಅಲ್ಲಿಂದ ಬಂದದ್ದು ನಾಯಕ ತೋಳದ ಕಲ್ಪನೆ. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸೀಟಿಗೆ ಕಿತ್ತಾಡುವವರನ್ನು ನೋಡಿ, ಬಳ್ಳಾರಿಯ ಮನೆಗಳಲ್ಲಿ ಸಂಸಾರ ನಡೆಯುವುದೇ ಹೀಗೆ ಅಂತ ಬರೆದ ಹಾಗೆ. 1970ರಲ್ಲಿ ಡೇವಿಡ್ ಮೆಕ್ ಅವರ ಪುಸ್ತಕ ಅದನ್ನು ಜಗತ್ತಿಗೆಲ್ಲ ಹಂಚಿತು. ಆಮೇಲೆ ಅದೇ ಮೆಕ್ ಉತ್ತರ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಗಳನ್ನು ಕಳೆದು, 1999ರಲ್ಲಿ ಸ್ಪಷ್ಟವಾಗಿ ಬರೆದರು: ಕಾಡಿನ ತೋಳದ ಗುಂಪು ಅಂದರೆ ಅಪ್ಪ, ಅಮ್ಮ, ಮಕ್ಕಳು. ಗೆದ್ದು ನಾಯಕನಾಗುವುದು ಏನಿಲ್ಲ, ಅಪ್ಪ ಅಮ್ಮನೇ ಮುಂದಾಳುಗಳು. ತಮ್ಮದೇ ಹಳೆಯ ಪುಸ್ತಕ ಅಚ್ಚು ಹಾಕಬೇಡಿ ಅಂತ ಪ್ರಕಾಶಕರನ್ನು ಕೇಳುತ್ತಾ ಬಂದರು. ಪುಸ್ತಕ ನಿಲ್ಲಿಸಬಹುದು, ಮಾತು ನಿಲ್ಲುತ್ತಾ?

ನಮ್ಮ ಕುರಿಗಾಹಿಗಳಿಗೆ ಇದು ಹೊಸದಲ್ಲ. ಕೊಪ್ಪಳ, ರಾಯಚೂರಿನ ಬಯಲಿನಲ್ಲಿ ಹಟ್ಟಿ ಹಾಕಿ ರಾತ್ರಿ ಮಲಗುವವರು ತೋಳವನ್ನು ಜೋಡಿಯಾಗಿ, ಮರಿಗಳ ಸಮೇತ ನೋಡಿರುತ್ತಾರೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ 332 ಎಕರೆಯ ತೋಳಧಾಮ ಇದೆ. ತೋಳಕ್ಕೆ ಆ 332 ಎಕರೆ ಮನೆಯ ಪಡಸಾಲೆಯಷ್ಟೇ, ಅದರ ಓಡಾಟವೆಲ್ಲ ಹೊರಗಿನ ಹೊಲ, ಕುರಿ ದಾರಿಗಳಲ್ಲಿ. ಅಲ್ಲಿ ದಿನವೂ ಕಣ್ಣಿಟ್ಟವರು ಕುರಿಗಾಹಿಗಳೇ. ಅವರು ಹೇಳಿದ್ದನ್ನು ಬರೆದಿಡುವ ಅಭ್ಯಾಸ ಮಾತ್ರ ಬೆಳೆಯಲಿಲ್ಲ. ರೊಮೇನ್ಸ್ ಕಾಲದ ಕಟ್ಟುಕಥೆಗಳ ಹೆದರಿಕೆ ಇನ್ನೂ ಹೋಗಿಲ್ಲವೋ ಏನೋ.

ಇನ್ನು ಕರಡಿ. 1994ರಲ್ಲಿ ದರೋಜಿ ಕರಡಿಧಾಮ ಆದಾಗ ಬಳ್ಳಾರಿ ಜಿಲ್ಲೆ ಒಡೆದಿರಲಿಲ್ಲ. ಅಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚುತ್ತಾರೆ. ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ಎದುರಿನ ಗುಡ್ಡದ ಗೋಪುರದಿಂದ ಜನ ನೋಡುತ್ತಾರೆ. ಕರಡಿ ನೋಡಿ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಅದಿಲ್ಲದಿದ್ದರೆ ಬಹುತೇಕರಿಗೆ ಕರಡಿ ಅಂದರೆ ಆಸ್ಪತ್ರೆಯ ಸುದ್ದಿ ಮಾತ್ರ ಆಗಿರುತ್ತಿತ್ತು. ಆದರೆ ಅಲ್ಲಿ ಕಾಣುವುದು ಬೆಲ್ಲದ ಬಂಡೆಯ ಮೇಲಿನ ಕರಡಿ. ಗೆದ್ದಲ ಹುತ್ತದ ಮುಂದಿನ ಕರಡಿಯೇ ಬೇರೆ. ಅದು ಉಗುರಿನಿಂದ ಹುತ್ತ ಬಗೆದು, ಮೊದಲು ಉಸಿರು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿ, ತುಟಿ ಮುಂದೆ ಚಾಚಿ, ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲಿಲ್ಲದ ಸಂದಿನಿಂದ ಹುಳುಗಳನ್ನು ಎಳೆದುಕೊಳ್ಳುತ್ತದೆ. ಆ ಸದ್ದು ದೂರದವರೆಗೆ ಕೇಳುತ್ತದೆ. ಇಂಥ ಹೊತ್ತಿನಲ್ಲಿ ಅದಕ್ಕೆ ಪಕ್ಕದಲ್ಲಿ ಬಂದವರ ಹೆಜ್ಜೆ ಕೇಳಿಸದೇ ಹೋಗಬಹುದು. ಹತ್ತಿರದಲ್ಲಿ ತಟ್ಟನೆ ಎದುರಾದಾಗ ಕರಡಿ ಮೈಮೇಲೆ ಬೀಳುವುದು ಜಾಸ್ತಿ. ಶೇಂಗಾ ಹೊಲಕ್ಕೆ ನಸುಕಿನಲ್ಲಿ ಹೋಗುವವನಿಗೆ ಬೇಕಾದ ತಿಳಿವಳಿಕೆ ಇದು. ಗೋಪುರದಿಂದ ಇದು ಸಿಗುವುದಿಲ್ಲ.

ತಿನಿಸು ಹಾಕಿ ನೋಡುವುದು ದರೋಜಿಯವರು ಕಂಡುಹಿಡಿದದ್ದಲ್ಲ. ಕೋಶಿಮಾದಲ್ಲಿ ಗೆಣಸು, ಜೇನ್ ಗುಡಾಲ್ ಕೆಲಸ ಮಾಡಿದ ಆಫ್ರಿಕಾದ ಗೋಂಬೆ ಕಾಡಿನಲ್ಲಿ ಚಿಂಪಾಂಜಿಗಳಿಗೆ ಬಾಳೆಹಣ್ಣು. ಬಾಳೆಹಣ್ಣಿನಿಂದ ಚಿಂಪಾಂಜಿಗಳ ಜಗಳ ಜಾಸ್ತಿಯಾಯಿತು ಅಂತ ಆಮೇಲೆ ದೊಡ್ಡ ಚರ್ಚೆಯಾಯಿತು. ಅಂಜನಾದ್ರಿಯ ಮೆಟ್ಟಿಲಲ್ಲಿ ಭಕ್ತರು ದಿನಾ ಹಂಚುವ ಬಾಳೆಹಣ್ಣೂ ಹಾಗೆ ನೋಡಿದರೆ ಒಂದು ಪ್ರಯೋಗವೇ. ಫಲಿತಾಂಶ ಬರೆದುಕೊಳ್ಳುವವರು ಯಾರೂ ಕಾಣುವುದಿಲ್ಲ.

ಈಗ ಹಲವು ಊರುಗಳಲ್ಲಿ ಮಂಗಗಳ ಕಾಟ ತಾಳದೆ ಪಂಚಾಯಿತಿಯವರು ಹಿಡಿಯುವವರನ್ನು ಹೊರಗಿನಿಂದ ಕರೆಸುತ್ತಾರೆ. ತಲೆಗೆ ಇಷ್ಟು ಅಂತ ದುಡ್ಡು. ಬೋನಿಗೆ ಬಿದ್ದಷ್ಟನ್ನು ದೂರದ ಕಾಡಿಗೆ ಬಿಟ್ಟು ಬರುತ್ತಾರೆ, ಉಳಿದವು ಊರಲ್ಲೇ. ಮುಸ್ಯಾ ಗುಂಪಿನಲ್ಲಿ ಬೋನಿಗೆ ಬಿದ್ದದ್ದು ಇದ್ದೊಂದು ಗಂಡಾದರೆ ಮುಂದೇನು? ಹೊರಗೆ ಕಾಯುತ್ತಿರುವ ಗಂಡುಗಳು ಬರುತ್ತವೆ, ಮಾಳಿಗೆಗಳ ಮೇಲೆ ಕಾದಾಟ ನಡೆಯುತ್ತದೆ, ಹಳೆಯ ಯಜಮಾನನ ಮರಿಗಳು ಅಪಾಯಕ್ಕೆ ಬೀಳುತ್ತವೆ, ಮರಿ ಕಳೆದುಕೊಂಡ ಹೆಣ್ಣುಗಳು ಬೇಗ ಮತ್ತೆ ಬಸಿರಾಗುತ್ತವೆ. ಸುಗಿಯಾಮಾ ಧಾರವಾಡದಲ್ಲಿ ಮಾಡಿ ನೋಡಿ 1966ರಲ್ಲಿ ಅಚ್ಚು ಹಾಕಿಸಿದ್ದು ಇದನ್ನೇ. ಹಿಡಿಯುವ ಕರಾರು ಬರೆಯುವಾಗ ಎಷ್ಟು ತಲೆ ಅನ್ನುವುದರ ಜೊತೆಗೆ ಯಾವ ಮಂಗ, ಯಾವ ಗುಂಪಿನದು, ಗುಂಪು ಪೂರ್ತಿ ಬಿತ್ತೋ ಇಲ್ಲವೋ ಅಂತ ಒಂದು ಸಾಲು ಸೇರಿಸಲು ಖರ್ಚೇನೂ ಇಲ್ಲ.