ಖಾಲಿ ಡಬ್ಬವೊಂದು ಕೋಣೆಯಾದ ಕಾಲ

ಅಮೆರಿಕದ ಹಳೇ ಗಾಡಿಗಳ ಮೇಳಕ್ಕೆ ಹೋದರೆ ಕೆಲವು ವ್ಯಾನುಗಳು ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಪಕ್ಕದ ತಗಡಿನ ಉದ್ದಕ್ಕೂ ಮರುಭೂಮಿಯ ಸೂರ್ಯಾಸ್ತ, ಬೆಂಕಿಯುಗುಳುವ ಡ್ರ್ಯಾಗನ್ ಅಥವಾ ಕತ್ತಿ ಹಿಡಿದ ಯೋಧ. ಬಾಗಿಲು ಸರಿಸಿದರೆ ನೆಲ, ಗೋಡೆ, ಚಾವಣಿಗೆಲ್ಲ ಉದ್ದ ಎಳೆಗಳ ಷ್ಯಾಗ್ ಕಾರ್ಪೆಟ್. ಐವತ್ತು ವರ್ಷ ಕಳೆದರೂ ಇವುಗಳ ಮೇಲಿನ ಮೋಹ ಹೋಗಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ಮಾತು ನೆನಪಿಡಬೇಕು: ಕೊಂಡ ದಿನ ಆ ವ್ಯಾನಿನೊಳಗೆ ಏನೂ ಇರಲಿಲ್ಲ.

ಮೊದಲಿಗೆ ಇವು ದುಡಿಮೆಯ ಗಾಡಿಗಳು. ಫೋರ್ಡ್‌ನ ಇಕಾನೊಲೈನ್ ಬಂದದ್ದು 1961ರ ಮಾದರಿಯಾಗಿ. 1964ರ ಹೊತ್ತಿಗೆ ಷೆವರ್ಲೆ, ಡಾಡ್ಜ್ ಕೂಡ ಇಂಥದ್ದೇ ವ್ಯಾನ್ ತಂದವು. ಕೊಳ್ಳುತ್ತಿದ್ದವರು ಪ್ಲಂಬರುಗಳು, ಎಲೆಕ್ಟ್ರಿಷಿಯನ್ನರು, ಹೂವಿನಂಗಡಿಯವರು. ಸಾಮಾನು ತುಂಬೋದಕ್ಕೆ ಮಾಡಿದ್ದರಿಂದ ಹಿಂದೆ ಸೀಟಿಲ್ಲ, ಪಕ್ಕದಲ್ಲಿ ಕಿಟಕಿಯೂ ಇಲ್ಲ. ಎಂಜಿನ್ ಮಾತ್ರ ಮುಂದಿನ ಎರಡು ಸೀಟುಗಳ ನಡುವೆ ದಿಮ್ಮಿ ಹಾಗೆ ಕೂತಿತ್ತು. ಅರವತ್ತರ ದಶಕದ ಕೊನೆಗೆ ಫೋರ್ಡ್ ಅದನ್ನು ಮುಂದಕ್ಕೆ ಸರಿಸಿತು. 1971ರ ಮಾದರಿಗಳಲ್ಲಿ ಡಾಡ್ಜ್, ಷೆವರ್ಲೆ ಕೂಡ ಚಿಕ್ಕ ಬಾನೆಟ್ ಕೊಟ್ಟವು. ಡ್ರೈವರ್ ಸೀಟಿನಿಂದ ಎದ್ದು ಹಿಂದಕ್ಕೆ ಹೋಗೋದು ಸಲೀಸಾಯಿತು. ಇದು ಚಿಕ್ಕ ಬದಲಾವಣೆಯಲ್ಲ. ವ್ಯಾನು ಕೋಣೆಯಾಗೋದಕ್ಕೆ ಇದೇ ದಾರಿ ಮಾಡಿಕೊಟ್ಟಿತು ಅಂತ ನನಗನಿಸುತ್ತದೆ.

ಅದೇ ಹೊತ್ತಿಗೆ ಹುಡುಗರ ಕೈಯಿಂದ ಇನ್ನೊಂದು ಜಾರಿಹೋಗುತ್ತಿತ್ತು. ಭಾರೀ ಎಂಜಿನ್ನಿನ ಮಸಲ್ ಕಾರುಗಳಿಗೆ ವಿಮೆ ಕಂತು ಏರಿತು. ಹೊಗೆ ತಡೆಯುವ ಕಾನೂನುಗಳಿಂದ ಎಂಜಿನ್ನುಗಳ ಕಸುವೂ ಇಳಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದ ಮೇಲೆ ಬಂಕುಗಳ ಮುಂದೆ ಉದ್ದುದ್ದ ಸಾಲು. 1974ರಲ್ಲಿ ದೇಶದುದ್ದಕ್ಕೂ ಗಂಟೆಗೆ 55 ಮೈಲಿಯ ಮಿತಿ ಬಂತು. ಅದೇ ವರ್ಷದ ಫೋರ್ಡ್ ಮಸ್ಟಾಂಗ್ ಕಾರಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ನೇ ಇರಲಿಲ್ಲ. ಜೋರಾಗಿ ಓಡಿಸೋ ಹಾಗಿಲ್ಲ ಅಂದಮೇಲೆ, ಕೂತಲ್ಲೇ ಹಿತವಾಗಿರೋ ಗಾಡಿ ಒಳ್ಳೆಯದು ಅಲ್ವಾ? ಕ್ಯಾಲಿಫೋರ್ನಿಯಾದ ಸರ್ಫಿಂಗ್ ಹುಡುಗರು ಆಗಲೇ ವ್ಯಾನಿನಲ್ಲಿ ಹಲಗೆ ಹೇರಿಕೊಂಡು ಹೋಗಿ, ಸಮುದ್ರದ ಪಕ್ಕದಲ್ಲಿ ಅದರೊಳಗೇ ಮಲಗುತ್ತಿದ್ದರು. ಆ ರೂಢಿ ದೇಶಕ್ಕೆಲ್ಲ ಹಬ್ಬಿತು.

ಕೆಲಸ ನಡೆಯುತ್ತಿದ್ದದ್ದು ಹೆಚ್ಚಾಗಿ ಮನೆ ಮುಂದೆ, ಭಾನುವಾರಗಳಲ್ಲಿ. ಗೋಡೆಗೆ ಪ್ಲೈವುಡ್ ಬಡಿದು, ಅದರ ಮೇಲೆ ಕಾರ್ಪೆಟ್ ಅಂಟಿಸುತ್ತಿದ್ದರು. ಅದು ಸುಮ್ನೆ ಶೋಕಿಗಲ್ಲ. ಬರೀ ತಗಡಿನ ವ್ಯಾನು ಓಡುವಾಗ ಡೋಲಿನ ಹಾಗೆ ಸದ್ದು ಮಾಡುತ್ತದೆ, ಬಿಸಿಲಿಗೆ ಕಾಯುತ್ತದೆ, ಚಳಿಗೆ ಕೊರೆಯುತ್ತದೆ. ಕಾರ್ಪೆಟ್ ಇದಕ್ಕೆಲ್ಲ ಸ್ವಲ್ಪ ತಡೆ. ಆಮೇಲೆ ಗರಗಸ ಹಿಡಿದು ತಗಡಿಗೆ ತೂತು ಕೊರೆದು, ಹನಿ, ವಜ್ರ, ಹೃದಯದ ಆಕಾರದ ಪುಟ್ಟ ಕಿಟಕಿ ಕೂರಿಸುತ್ತಿದ್ದರು. ಅಷ್ಟು ಪುಟ್ಟ ಕಿಟಕಿಯಿಂದ ಬೆಳಕು ಒಳಗೆ ಬರುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ. ಹಿಂದೆ ಹಾಸಿಗೆ, ಐಸ್ ಪೆಟ್ಟಿಗೆ, ಎಂಟು ಟ್ರ್ಯಾಕಿನ ಟೇಪ್ ಪ್ಲೇಯರ್. ಮುಂದೆ ಕೈ ಇಡೋ ಆಸರೆಯಿರುವ ದೊಡ್ಡ ಸೀಟು, ಪಕ್ಕದಲ್ಲಿ ಬೇರೆ ಗಾಡಿಯವರ ಜತೆ ಮಾತಾಡೋ ಸಿಬಿ ರೇಡಿಯೋ. ಅಪ್ಪ ಅಮ್ಮನ ಜತೆಗಿರುವ ಇಪ್ಪತ್ತರ ಹುಡುಗನಿಗೆ ಇದೇ ಮೊದಲ ಸ್ವಂತ ಕೋಣೆ. ಹಿರಿಯರು, ಪೊಲೀಸರು ಅನುಮಾನದಿಂದ ನೋಡಿದ್ದೂ ಇದಕ್ಕೇ.

ಹೊರಗಿನ ಚಿತ್ರಗಳದ್ದೇ ಒಂದು ಕಥೆ. ಕಿಟಕಿಯಿಲ್ಲದ ಆ ಬದಿ ಅಷ್ಟಗಲದ ಬರೀ ಗೋಡೆ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸೋ ಏರ್‌ಬ್ರಷ್ ಹಿಡಿದವನಿಗೆ ಬೇರೆ ಯಾವ ಗಾಡಿಯೂ ಅಂಥ ಜಾಗ ಕೊಡುತ್ತಿರಲಿಲ್ಲ. ಮಿನುಗುವ ಲೋಹದ ಚೂರು ಬೆರೆಸಿದ ಬಣ್ಣದ ಮೇಲೆ ಮಂತ್ರವಾದಿಗಳು, ಗ್ರಹಗಳು, ಓಡುವ ಕುದುರೆಗಳು ಮೂಡಿದವು. ಗ್ಯಾಲರಿಗಳಿಗೆ ಇದು ಕಲೆ ಅನ್ನಿಸಿರಲಿಕ್ಕಿಲ್ಲ. ನನಗಂತೂ ಎಪ್ಪತ್ತರ ದಶಕದ ನಿಜವಾದ ಜನಪದ ಚಿತ್ರಕಲೆ ಇದೇ.

1973ರಲ್ಲಿ ಕೊಲರಾಡೋದ ಟೈಗರ್ ರನ್‌ನಲ್ಲಿ ವ್ಯಾನ್ ಮೋಹಿಗಳ ಮೊದಲ ‘ನ್ಯಾಷನಲ್ ಟ್ರಕ್ ಇನ್’ ಮೇಳ ಸೇರಿತು. ಆ ಮೇಳ ಇಂದಿಗೂ ನಡೆಯುತ್ತದೆ. ಊರೂರಲ್ಲಿ ಕ್ಲಬ್ಬುಗಳೂ ಹುಟ್ಟಿದವು. ಕಂಪನಿಗಳು ಸುಮ್ಮನಿರುತ್ತವೆಯೇ? 1976ರಲ್ಲಿ ಡಾಡ್ಜ್ ‘ಸ್ಟ್ರೀಟ್ ವ್ಯಾನ್’ ತಂದು, ಕೊಂಡವರಿಗೆ ‘ವ್ಯಾನ್ ಕ್ಲ್ಯಾನ್’ ಅನ್ನೋ ಕ್ಲಬ್ಬಿನ ಸದಸ್ಯತ್ವ ಕೊಟ್ಟಿತು. ಫೋರ್ಡ್ ದುಂಡು ಕಿಟಕಿ, ಕಾರ್ಪೆಟ್ ಸಮೇತ ‘ಕ್ರೂಸಿಂಗ್ ವ್ಯಾನ್’ ಮಾರಿತು. ಭಾನುವಾರದ ಬೆವರು ಈಗ ಷೋರೂಮಿನಲ್ಲಿ ಕಂತಿಗೆ ಸಿಗುವ ಸಾಮಾನಾಯಿತು. ಅಲ್ಲಿಂದಲೇ ಇದರ ಸೊಗಸು ಇಳಿಯಿತು ಅನ್ನೋದು ನನ್ನ ಅನಿಸಿಕೆ.

1979ರಲ್ಲಿ ಇರಾನ್ ಕ್ರಾಂತಿಯಿಂದ ಮತ್ತೆ ತೈಲದ ಬೆಲೆ ಏರಿತು. ಆ ಹುಡುಗರಿಗೂ ಮದುವೆ, ಮಕ್ಕಳಾದವು. 1983ರ ಕೊನೆಗೆ ಕ್ರೈಸ್ಲರ್ ಮಿನಿವ್ಯಾನ್ ತಂದಿತು. ಸುತ್ತ ಕಿಟಕಿ, ಒಳಗೆ ಸಾಲು ಸೀಟು, ಮನೆಯ ಗ್ಯಾರೇಜಿಗೂ ಹಿಡಿಸುತ್ತಿತ್ತು. ತುಂಬೋದಕ್ಕೆ ಏನೂ ಉಳಿದಿರಲಿಲ್ಲ.

ಹಳೆಯವು ಬಹಳಷ್ಟು ಮತ್ತೆ ದುಡಿಮೆಗೆ ಹೋದವು, ತುಕ್ಕಿಗೆ ಹೋದವು. ಕಾರ್ಪೆಟ್ ಹಿಂದೆ ನಿಂತ ತೇವ ತಗಡನ್ನು ಒಳಗಿಂದಲೇ ತಿನ್ನುತ್ತದೆ. ಈಗಿನ ‘ವ್ಯಾನ್ ಲೈಫ್’ ಹುಡುಗರು ಸೋಲಾರ್ ಫಲಕ, ಲ್ಯಾಪ್‌ಟಾಪ್ ಇಟ್ಟುಕೊಂಡು ವ್ಯಾನಿನಲ್ಲೇ ಬದುಕುತ್ತಾರೆ. ಒಳಗೆ ಕೈಕೆಲಸ ಇದೆ, ಹೊರಗೆ ಮಾತ್ರ ಎಷ್ಟೋ ಸಲ ಬರೀ ಬಿಳಿ. ಹಳೇ ವ್ಯಾನ್ ಉಳಿಸುವವರಲ್ಲಿ ಕೆಲವರು ಎಂಜಿನ್ ಹೊಸದು ಹಾಕಿದರೂ ಬದಿಯ ಚಿತ್ರ ಮುಟ್ಟುವುದಿಲ್ಲ. ಬಣ್ಣ ಮಾಸಿದ್ದರೂ, ಗೀರು ಬಿದ್ದಿದ್ದರೂ ಹಾಗೇ ತೊಳೆದು, ಮೇಲೆ ಒಂದು ಪದರ ಪಾರದರ್ಶಕ ಲೇಪ ಕೊಟ್ಟು ಬಿಡುತ್ತಾರೆ. ಅವರೇ ಸರಿ. ಒಂದು ಸಲ ಬಣ್ಣ ಬಳಿದರೆ ಆ ಡ್ರ್ಯಾಗನ್ ಮತ್ತೆ ಸಿಗುವುದಿಲ್ಲ.